ನಾಣ್ಯ ಬೀಳದ ಕಡೆಯ ಹುಡುಗ

ಪದವಿ ಮೊದಲ ವರ್ಷದ ಮನೋವಿಜ್ಞಾನ ತರಗತಿಯಲ್ಲಿ ಪ್ರಾಯೋಗಿಕ ಗುಂಪು, ನಿಯಂತ್ರಿತ ಗುಂಪು ಎಂಬ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಕೈ ಎತ್ತುತ್ತಾರೆ. ‘ಮೇಡಂ, ಒಬ್ಬನಿಗೆ ಸಹಾಯ ಮಾಡಿ ಇನ್ನೊಬ್ಬನನ್ನು ಹಾಗೇ ಬಿಟ್ಟುಬಿಡೋದು ಅನ್ಯಾಯ ಅಲ್ವಾ?’ ಈ ಪ್ರಶ್ನೆ ಕೇಳುವ ಮಕ್ಕಳ ಮೇಲೆ ನನಗೆ ವಿಶೇಷ ಅಕ್ಕರೆ. ಅವರಿಗೆ ನಾನು ಕೇಂಬ್ರಿಜ್ ಮತ್ತು ಸಾಮರ್‌ವಿಲ್‌ನ ಹುಡುಗರ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಕೇಂಬ್ರಿಜ್ ಅಲ್ಲ, ಅಮೆರಿಕದ ಬಾಸ್ಟನ್ ಪಕ್ಕದ್ದು. 1930ರ ದಶಕದಲ್ಲಿ ಆ ಎರಡು ಊರುಗಳ ಬಡ ಕೇರಿಗಳ ಹುಡುಗರು ದಾರಿ ತಪ್ಪುವುದನ್ನು ಕಂಡು ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ಮರುಗಿದರು. ಚಿಕ್ಕ ವಯಸ್ಸಿನಲ್ಲೇ ಹಿರಿಯರೊಬ್ಬರ ಸ್ನೇಹ, ಮಾರ್ಗದರ್ಶನ ಸಿಕ್ಕರೆ ಮಗು ಕೆಡುವುದಿಲ್ಲ ಎಂಬುದು ಅವರ ನಂಬಿಕೆ. ಆದರೆ ಅವರು ವೈದ್ಯರು. ನಂಬಿದ್ದನ್ನು ಪರೀಕ್ಷಿಸಬೇಕು ಎಂಬ ಶಿಸ್ತು ಅವರಲ್ಲಿತ್ತು. ವಯಸ್ಸು, ಬುದ್ಧಿಮಟ್ಟ, ಮನೆಯ ಸ್ಥಿತಿ, ಕೆಡುವ ಸಂಭವ ಎಲ್ಲವನ್ನೂ ತೂಗಿ, ಒಬ್ಬನಂತೆ ಇನ್ನೊಬ್ಬನಿರುವ ಹುಡುಗರ ಜೋಡಿಗಳನ್ನು ಮಾಡಲಾಯಿತು. ಜೋಡಿಯಲ್ಲಿ ಯಾರಿಗೆ ನೆರವು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಕೊನೆಯವರೆಗೆ ಅಧ್ಯಯನದಲ್ಲಿ ಉಳಿದವರು 506 ಹುಡುಗರು, ಅಂದರೆ 253 ಜೋಡಿ.

ನಾಣ್ಯವೇ ಏಕೆ? ಆಯ್ಕೆಯನ್ನು ಕಾರ್ಯಕರ್ತರಿಗೆ ಬಿಟ್ಟಿದ್ದರೆ ಮಾತು ಕೇಳುವ ಹುಡುಗನನ್ನೇ ಆರಿಸಿಕೊಳ್ಳುತ್ತಿದ್ದರು. ತಂದೆತಾಯಿಗಳಿಗೆ ಬಿಟ್ಟಿದ್ದರೆ ಕಾಳಜಿ ಇರುವ ಮನೆಯವರೇ ಮುಂದೆ ಬರುತ್ತಿದ್ದರು. ಆಮೇಲೆ ಆ ಹುಡುಗ ಚೆನ್ನಾಗಿ ಬೆಳೆದರೆ ಅದು ನೆರವಿನಿಂದಲೋ, ಮೊದಲೇ ಇದ್ದ ಸ್ವಭಾವದಿಂದಲೋ, ಅಮ್ಮನ ಎಚ್ಚರದಿಂದಲೋ ಹೇಳುವುದು ಹೇಗೆ? ನಾಣ್ಯಕ್ಕೆ ಯಾರ ಮೇಲೂ ಮಮತೆಯಿಲ್ಲ. ನಮಗೆ ತಿಳಿಯದ, ಅಳೆಯಲಾಗದ ವ್ಯತ್ಯಾಸಗಳನ್ನೂ ಅದು ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಬಿಡುತ್ತದೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಸೂತ್ರಗಳಿಗೆ ಹೆದರುವ ಮಕ್ಕಳು ಇದೊಂದನ್ನು ಅರಿತರೂ ನನಗೆ ಸಮಾಧಾನ.

1939ರಲ್ಲಿ, ಕೆಲಸ ಶುರುವಾಗುವ ಹೊತ್ತಿಗೆ, ಕ್ಯಾಬಟ್ ತೀರಿಕೊಂಡರು. ಕಾರ್ಯಕರ್ತರು ಮಾತ್ರ ಮನಸ್ಸಿಟ್ಟು ದುಡಿದರು. ಸರಾಸರಿ ಐದೂವರೆ ವರ್ಷ, ತಿಂಗಳಿಗೆ ಸುಮಾರು ಎರಡು ಸಲ ಮನೆಗೆ ಹೋಗುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಹುಡುಗರಿಗೆ ಪಾಠ ಹೇಳಿಕೊಟ್ಟರು, ನೂರಕ್ಕೂ ಹೆಚ್ಚು ಹುಡುಗರಿಗೆ ವೈದ್ಯರ ನೆರವು ಕೊಡಿಸಿದರು, ಹಲವರನ್ನು ಬೇಸಿಗೆ ಶಿಬಿರಕ್ಕೆ ಕಳುಹಿಸಿದರು. ಜೋಡಿಯ ಇನ್ನೊಬ್ಬ ಹುಡುಗ ತನ್ನ ಬಗ್ಗೆ ಮಾಹಿತಿ ಕೊಟ್ಟನಷ್ಟೆ. 1945ಕ್ಕೆ ಕಾರ್ಯಕ್ರಮ ಮುಗಿಯಿತು.

ಮೂವತ್ತು ವರ್ಷಗಳಾದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನೆಲ್ಲ ಹುಡುಕಿಸಿದರು. ಬಹುಪಾಲು ಎಲ್ಲರ ಸುಳಿವೂ ಸಿಕ್ಕಿತು. ಹುಡುಗರು ಈಗ ನಡುವಯಸ್ಸಿನ ಗಂಡಸರು. ನೆರವು ಪಡೆದಿದ್ದವರನ್ನು ಕೇಳಿದರೆ ಮೂರರಲ್ಲಿ ಎರಡು ಪಾಲು ಜನ ಅದರಿಂದ ಒಳ್ಳೆಯದಾಯಿತು ಎಂದರು. ಅದಿಲ್ಲದಿದ್ದರೆ ತಾನು ಅಪರಾಧದ ಹಾದಿ ಹಿಡಿಯುತ್ತಿದ್ದೆ ಎಂದು ನೆನೆದವರೂ ಇದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಯಶೋಗಾಥೆ. ನಾವು ಸಾಮಾನ್ಯವಾಗಿ ನಿಲ್ಲುವುದೇ ಅಲ್ಲಿ. ಕಷಾಯ ಕುಡಿದೆ, ಜ್ವರ ಬಿಟ್ಟಿತು. ಮಗನನ್ನು ಹಾಸ್ಟೆಲಿಗೆ ಹಾಕಿದೆ, ದಾರಿಗೆ ಬಂದ. ಕಷಾಯ ಕುಡಿಯದಿದ್ದರೂ ಜ್ವರ ಬಿಡುತ್ತಿತ್ತೇನೋ. ಆದರೆ ಕುಡಿಯದೇ ಇದ್ದ ಇನ್ನೊಬ್ಬ ನಾನು ಎಲ್ಲಿಯೂ ಇಲ್ಲ, ಕೇಳೋಣವೆಂದರೆ. ಕೇಂಬ್ರಿಜ್‌ನಲ್ಲಿ ಅಂಥ ಇನ್ನೊಬ್ಬನಿದ್ದ.

ಮೆಕಾರ್ಡ್ ಆ ಇನ್ನೊಬ್ಬನ ಬದುಕನ್ನೂ ನ್ಯಾಯಾಲಯದ, ಆಸ್ಪತ್ರೆಯ, ಮರಣದ ದಾಖಲೆಗಳಲ್ಲಿ ಹುಡುಕಿ ಪಕ್ಕಕ್ಕಿಟ್ಟು ನೋಡಿದರು. ಅಪರಾಧ ಮಾಡಿದವರ ಪ್ರಮಾಣ ಎರಡೂ ಕಡೆ ಸರಿಸುಮಾರು ಒಂದೇ. ಮತ್ತೆ ಮತ್ತೆ ಅಪರಾಧ ಮಾಡಿದವರು, ಕುಡಿತದ ಚಟದ ಲಕ್ಷಣ ತೋರಿದವರು ನೆರವು ಪಡೆದವರಲ್ಲೇ ಹೆಚ್ಚು. ಸತ್ತವರನ್ನು ಹೋಲಿಸಿದರೆ ಸರಾಸರಿ ಕಡಿಮೆ ವಯಸ್ಸಿಗೆ ಸತ್ತವರೂ ಅವರೇ. 1978ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ತರಗತಿ ಈ ಹೊತ್ತಿಗೆ ಮೌನವಾಗಿರುತ್ತದೆ. ಆಗ ನಾನೇ ಒಂದು ತಕರಾರು ತೆಗೆಯುತ್ತೇನೆ. ಮೆಕಾರ್ಡ್ ಹೋಲಿಸಿದ್ದು ಒಂದೆರಡು ವಿಷಯಗಳನ್ನಲ್ಲ, ಹಲವನ್ನು. ಹಲವು ಸಲ ಬಲೆ ಬೀಸಿದರೆ ಒಂದೆರಡು ಮೀನು ಆಕಸ್ಮಿಕವಾಗಿಯೂ ಬೀಳುತ್ತವೆ. ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಪ್ಪತ್ತರಲ್ಲೊಂದು ಹೋಲಿಕೆ ಆಕಸ್ಮಿಕವಾಗಿ ದಾಟಬಹುದಾದ ಗೆರೆಯನ್ನೇ ಸಂಖ್ಯಾಶಾಸ್ತ್ರ ವಾಡಿಕೆಯಾಗಿ ಎಳೆಯುತ್ತದೆ. ಹಾಗಾಗಿ ಕೆಡುಕಾಯಿತು ಎಂಬ ಮಾತನ್ನು ಹಿಂಜರಿಕೆಯಿಂದಲೇ ಹೇಳಬೇಕು. ಆದರೆ ಅಷ್ಟು ಸಲ ಬೀಸಿದ ಬಲೆಯಲ್ಲಿ ಒಳಿತಿನ ಮೀನು ಒಂದೂ ಸಿಗಲಿಲ್ಲವಲ್ಲ! ಬದುಕು ಸುಧಾರಿಸಿತು ಎಂಬುದನ್ನು ಯಾವ ಅಳತೆಯೂ ಎತ್ತಿಹಿಡಿಯಲಿಲ್ಲ. ನನ್ನನ್ನು ಕಲಕುವುದು ಇದು.

ಆ ಮೂರನೇ ಎರಡು ಪಾಲು ಜನ ಸುಳ್ಳು ಹೇಳಲಿಲ್ಲ. ಬಾಲ್ಯದಲ್ಲಿ ಯಾರೋ ಒಬ್ಬರು ತಮ್ಮ ಮನೆಯ ಬಾಗಿಲು ತಟ್ಟಿ ಬಂದರು ಎಂಬ ಕೃತಜ್ಞತೆ ನಿಜವೇ. ಆ ಕೃತಜ್ಞತೆಗೆ ತಿಳಿಯದಿದ್ದುದು, ಯಾರೂ ಬಾಗಿಲು ತಟ್ಟದ ಹುಡುಗ ಏನಾದ ಎಂಬುದು. ಅದನ್ನು ತಿಳಿಸಬಲ್ಲವನು ಆ ಹುಡುಗ ಒಬ್ಬನೇ. ಅನ್ಯಾಯವಾಯಿತು ಎಂದು ನನ್ನ ವಿದ್ಯಾರ್ಥಿಗಳು ಮರುಗಿದ್ದು ಅವನಿಗಾಗಿಯೇ.

1999ರಲ್ಲಿ ಮೆಕಾರ್ಡ್ ಮತ್ತು ಜೊತೆಗಾರರು ಹಳೆಯ ಜೋಡಿಗಳನ್ನು ಮತ್ತೆ ಬಿಡಿಸಿ ನೋಡಿದರು. ಹಾನಿ ಎದ್ದು ಕಂಡದ್ದು ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಿದ್ದ ಹುಡುಗರಲ್ಲಿ. ಶಿಬಿರದಲ್ಲಿ ತುಂಟರೊಡನೆ ತುಂಟರು ಸೇರಿ, ತಮ್ಮ ಸಾಹಸಗಳನ್ನು ಹೇಳಿಕೊಂಡು, ಒಬ್ಬರ ಬೆನ್ನು ಒಬ್ಬರು ತಟ್ಟಿರಬೇಕು ಎಂಬುದು ಅವರ ಊಹೆ. ಕಾರ್ಯಕರ್ತರು ಹುಡುಗರಿಗೆ ಪ್ರೀತಿಯಿಂದ ಕೊಡಿಸಿದ್ದ ರಜೆ ಅದು.