ಕೋವಿ ಅಗ್ಗಕ್ಕೆ ಸಿಕ್ಕೀತು, ಹಿಡಿಯುವವರು ಯಾರು?

ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಇಬ್ಬರು ನನ್ನ ಹತ್ತಿರ ಕೋವಿಯ ಮಾತೆತ್ತಿದರು. ಒಬ್ಬ ಅಮೆರಿಕದ ಮಿಸೌರಿಯಲ್ಲಿರುವ ಸಹೋದ್ಯೋಗಿ. ಇನ್ನೊಬ್ಬರು ಸುಳ್ಯದ ಮನೆಯಲ್ಲಿರುವ ಅಪ್ಪ.

ಸಹೋದ್ಯೋಗಿಯದು ಸಂಭ್ರಮ. ಅವರಲ್ಲಿ ಏಪ್ರಿಲ್‌ಗೆ ಕಾಡು ಟರ್ಕಿ ಕೋಳಿಯ ಬೇಟೆ ಶುರು. ಕೈಯಲ್ಲಿ ನಾನೂರು ಡಾಲರ್ ಇದೆ. ಹೊಸ ಮೇವರಿಕ್ 88 ತೆಗೆದುಕೊಳ್ಳಲೋ, ಹಳೆಯ ಮೊಸ್‌ಬರ್ಗ್ 500 ಹುಡುಕಲೋ ಎಂದು ಮೀಟಿಂಗ್ ಮುಗಿದ ಮೇಲೂ ಹತ್ತು ನಿಮಿಷ ಹೇಳಿಕೊಂಡ. ನಾನು ಕಾಕ್ಕನಾಡಿನ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಹೂಂಗುಟ್ಟುತ್ತಾ ಕೂತಿದ್ದೆ. ಟರ್ಕಿ ಕೋಳಿ ಬೇಕಾದರೆ ನಮಗೆ ಕೊಲ್ಲಂ ಹತ್ತಿರ ಕುರೀಪ್ಪುಳದಲ್ಲಿ ಕೇರಳ ಸರ್ಕಾರದ ಫಾರ್ಮೇ ಇದೆ, ಕೋವಿಯ ಗೊಡವೆ ಬೇಡ ಎಂದೆ. ಅವನು ಜೋರಾಗಿ ನಕ್ಕ.

ಅಪ್ಪನದು ನಗುವ ಮಾತಾಗಿರಲಿಲ್ಲ. "ಓ ಮಗಾ, ಹಂದಿ ಮೊನ್ನೆ ಅರುವತ್ತು ಅಡಿಕೆ ಸಸಿ ಎಬ್ಬಿಸಿ ಹಾಕಿದೆ. ಅಜ್ಜನ ಕೋವಿಯ ಎಡದ ನಳಿಗೆ ಸರಿ ಇಲ್ಲ. ಒಂದು ಹೊಸದು ತೆಗೆಯುವಾ ಅಂತ. ನೀನು ಸ್ವಲ್ಪ ದುಡ್ಡು ಹಾಕಿದರೆ ಆಗ್ತಿತ್ತು." ಹಳದಿ ಎಲೆ ರೋಗದಿಂದ ಅರ್ಧ ತೋಟ ಕಳೆದುಕೊಂಡವರು ಅವರು. ಉಳಿದರ್ಧಕ್ಕೆ ನೆಟ್ಟ ಸಸಿಗಳನ್ನು ಹಂದಿ ಎಬ್ಬಿಸಿದರೆ ಸಂಕಟ ಎಷ್ಟಿರಬಹುದೆಂದು ಊರು ಬಿಟ್ಟು ಬಂದ ನನಗೂ ಗೊತ್ತು. ಹಾಕ್ತೇನೆ ಅಪ್ಪಾ ಎಂದುಬಿಟ್ಟೆ.

ಆಮೇಲೆ ಎಂಜಿನಿಯರ್ ಬುದ್ಧಿ ಕೆಲಸ ಮಾಡತೊಡಗಿತು. ಕಡಿಮೆ ದುಡ್ಡಿನಲ್ಲಿ ಯಾವ ಕೋವಿ ಒಳ್ಳೆಯದು? ಹದಿನೈದು ದಿನ ಇದನ್ನೇ ಓದಿದೆ, ಕೇಳಿದೆ, ತಿರುವನಂತಪುರಕ್ಕೆ ಹೋಗಿಬರುವ ರೈಲಿನಲ್ಲಿ ಎಕ್ಸೆಲ್ ಶೀಟು ಕೂಡ ಮಾಡಿದೆ. ಹಾಗೆ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಊರಿನ ಮನೆಯ ಗೋಡೆಯಲ್ಲಿ ಒಂದು ಕೋವಿ, ಆ ಮನೆಯಲ್ಲಿ ವಯಸ್ಸಾದ ಇಬ್ಬರು, ಮಕ್ಕಳೆಲ್ಲ ಹೊರರಾಜ್ಯದಲ್ಲಿ. ಇಂಥ ಮನೆ ನಮ್ಮದೊಂದೇ ಅಲ್ಲ.

ಮೊದಲು ಕೋವಿಯ ವಿಷಯವನ್ನೇ ಹೇಳುತ್ತೇನೆ. ಮಿಸೌರಿಯವನು ಟರ್ಕಿಗೆ ಕೊಳ್ಳುವುದೂ ನಮ್ಮ ತೋಟದ ಮನೆಗಳಲ್ಲಿ ಇರುವುದೂ ಹೆಚ್ಚಾಗಿ ಒಂದೇ ಅಳತೆಯ ಹನ್ನೆರಡು ಬೋರಿನ ತೋಟೆ ಕೋವಿ. ಹನ್ನೆರಡು ಬೋರು ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ನಳಿಗೆಯ ಅಗಲ, ಸುಮಾರು 18.5 ಮಿಲಿಮೀಟರ್. ನಳಿಗೆಯ ತುದಿಯ ಬಿಗಿತಕ್ಕೆ ಚೋಕ್ ಎನ್ನುತ್ತಾರೆ. ಪೂರ್ತಿ ಬಿಗಿಯಾದ ಫುಲ್ ಚೋಕ್‌ನಲ್ಲಿ 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರಕ್ಕೆ ಸುಮಾರು 70 ಚರೆ ಬೀಳುತ್ತವೆ. ಚೋಕ್ ಇಲ್ಲದ ನಳಿಗೆಯಲ್ಲಿ ಸುಮಾರು 40. ಟರ್ಕಿಯ ತಲೆ, ಕುತ್ತಿಗೆಗಷ್ಟೇ ಗುರಿ ಇಡುವುದರಿಂದ ಅವರಿಗೆ ಬಿಗಿ ಚೋಕ್, ಸಣ್ಣ ಚರೆ ಬೇಕು. ಹಂದಿಗೆ ಬಳಸುವ ಎಲ್‌ಜಿ ತೋಟೆಯಲ್ಲಿ ಇರುವುದು ಬೆರಳೆಣಿಕೆಯ ದಪ್ಪ ಗುಂಡು.

ಹಳೆಯ ಜೋಡು ನಳಿಗೆ ಕೋವಿಯನ್ನು ಕೊಳ್ಳುವವರೂ ರಿಪೇರಿ ಮಾಡಿಸುವವರೂ ನಾಲ್ಕು ವಿಷಯ ನೋಡಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಕುಳಿ, ಹೊರಗೆ ತಗ್ಗು ಇದೆಯೇ ನೋಡಿ. ಕೋವಿ ಮುಚ್ಚಿದ ಮೇಲೆ ನಳಿಗೆ ಗಲಗಲ ಅಲುಗಾಡಬಾರದು. ತೋಟೆ ಕೂರುವ ಗೂಡಿನ ಉದ್ದ ನೋಡಿ. 65 ಮಿಲಿಮೀಟರ್ ಗೂಡಿನ ಹಳೆಯ ವಿಲಾಯತಿ ಕೋವಿಗೆ 70 ಮಿಲಿಮೀಟರ್ ತೋಟೆ ಹಾಕುವುದು ಅಪಾಯ. ಮೈಮೇಲೆ ಅಲೆಅಲೆ ಗೆರೆ ಇರುವ ಡಮಾಸ್ಕಸ್ ನಳಿಗೆಯಾದರೆ ಇಂದಿನ ತೋಟೆ ಅದಕ್ಕಲ್ಲ, ಗೋಡೆಯ ಮೇಲೆಯೇ ಇರಲಿ. ಈ ನಾಲ್ಕರಲ್ಲಿ ಪಾಸಾದ ಹಳೆಯ ಕೋವಿ ಹೊಸದಕ್ಕಿಂತ ಏನೂ ಕಡಿಮೆಯಿಲ್ಲ. ರಿಪೇರಿಯನ್ನು ಮಾತ್ರ ಲೈಸೆನ್ಸ್ ಇರುವ ಅಂಗಡಿಯಲ್ಲೇ ಮಾಡಿಸಬೇಕು.

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು ಅಂದುಕೊಂಡೆ. ಅಜ್ಜನ ಕೋವಿಯ ಎಡದ ನಳಿಗೆಗೆ ಸ್ಪ್ರಿಂಗ್ ಹಾಕಿಸಿದರೆ ಸಾಕು, ಹೊಸದರ ದುಡ್ಡು ಉಳಿಯಿತು. ಅಮ್ಮ ಫೋನು ಮಾಡಿದ್ದು ಆಮೇಲೆ.

ಅಪ್ಪ ನನಗೆ ಹೇಳದೇ ಇದ್ದ ಸಂಗತಿಯದು. ಸಸಿ ಹೋದ ಮಾರನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ ಕೆಳಗಿನ ತೋಟದ ಬದಿಯಲ್ಲಿ ಸದ್ದಾಗಿದೆ. ಅಪ್ಪ ಕೋವಿ ತೆಗೆದುಕೊಂಡು ಇಳಿದಿದ್ದಾರೆ. ಪೊದೆ ಅಲ್ಲಾಡಿತು, ಕಪ್ಪಗೆ ಏನೋ ಬಗ್ಗಿ ಹೋಗುತ್ತಿತ್ತು. ಕೋವಿ ಭುಜಕ್ಕೇರಿದೆ, ಬೆರಳು ಟ್ರಿಗರ್ ಮೇಲಿದೆ. ಅಷ್ಟರಲ್ಲಿ ಆ ಕಪ್ಪು ತಲೆಯ ಮೇಲೆ ಲೈಟು ಹೊತ್ತಿಕೊಂಡಿತು. ನೆರೆಮನೆಯ ರಬ್ಬರು ಟ್ಯಾಪಿಂಗಿಗೆ ಬರುವ ಹುಡುಗ. ಹೆಡ್‌ಲೈಟಿನ ಬ್ಯಾಟರಿ ಸಡಿಲಾಗಿತ್ತೆಂದು ಬಗ್ಗಿ ತಟ್ಟುತ್ತಾ ಬರುತ್ತಿದ್ದನಂತೆ. "ಅವನಿಗೆ ಗೊತ್ತೇ ಆಗ್ಲಿಲ್ಲ. ನಿನ್ನಪ್ಪ ಬಂದು ಜಗಲಿಯಲ್ಲಿ ಕೂತವರು ಮಧ್ಯಾಹ್ನದವರೆಗೆ ಏಳ್ಲಿಲ್ಲ" ಎಂದರು ಅಮ್ಮ.

ಎಪ್ಪತ್ತೊಂದು ವರ್ಷ ಅಪ್ಪನಿಗೆ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ನಾನು ಎಕ್ಸೆಲ್ ಶೀಟಿನಲ್ಲಿ ನಳಿಗೆಯ ಉದ್ದ ಬರೆದಿದ್ದೆ, ಚೋಕ್ ಬರೆದಿದ್ದೆ, ಬೆಲೆ ಬರೆದಿದ್ದೆ. ಹಿಡಿಯುವವರ ಕಣ್ಣಿಗೆ ಒಂದು ಕಾಲಂ ಇರಲಿಲ್ಲ.

ಮುಂದಿನ ವಾರ ಮಿಸೌರಿಯವನಿಗೆ ಇದನ್ನು ಹೇಳಿದೆ. ಅವನು ಈ ಸಲ ನಗಲಿಲ್ಲ. ಟರ್ಕಿ ಬೇಟೆಗೆ ಹೋಗುವವರು ಕೆಂಪು, ಬಿಳಿ, ನೀಲಿ ಬಟ್ಟೆ ತೊಡುವುದಿಲ್ಲವಂತೆ. ಗಂಡು ಟರ್ಕಿಯ ತಲೆಯ ಬಣ್ಣ ಅದೇ, ಇನ್ನೊಬ್ಬ ಬೇಟೆಗಾರ ಹಕ್ಕಿಯೆಂದು ತಿಳಿದಾನು ಎಂಬ ಭಯ. ಹಕ್ಕಿ ಪೂರ್ತಿ ಕಾಣುವ ತನಕ ಬೆರಳು ಟ್ರಿಗರ್ ಹತ್ತಿರ ಹೋಗಬಾರದು ಎನ್ನುವುದು ಅವನು ಹುಡುಗನಾಗಿದ್ದಾಗಲೇ ಕಲಿತ ಪಾಠ. ಅಲ್ಲಿ ಬೇಟೆಗೆ ಋತುವಿದೆ, ಎಷ್ಟು ಹಕ್ಕಿ ಎಂಬ ಮಿತಿಯಿದೆ. 1937ರ ಒಂದು ಕಾನೂನಿನಂತೆ ಬಂದೂಕು, ತೋಟೆಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ಒಂದು ಕಾಲಕ್ಕೆ ಅಳಿವಿನ ಅಂಚಿಗೆ ಹೋಗಿದ್ದ ಕಾಡು ಟರ್ಕಿ ಮತ್ತೆ ಲಕ್ಷಗಟ್ಟಲೆ ಆದದ್ದರಲ್ಲಿ ಆ ದುಡ್ಡಿನ ಪಾಲೂ ಇದೆ.

ನಮ್ಮಲ್ಲಿ ಲೆಕ್ಕವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಇದ್ದರೂ, ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಪ್ರತ್ಯೇಕವಾಗಿ ಬೇಕು. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸೊತ್ತು. ಘಟ್ಟದ ಮೇಲಿನ ಕೊಡಗಿನವರಿಗೆ, ಅಂದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ, ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ, ಬೇಟೆಗೆ ಸಿಕ್ಕದ್ದಲ್ಲ.

ಕೇರಳದವರು ಹಂದಿಯ ಸಮಸ್ಯೆಗೆ ಬೇರೆ ದಾರಿ ಹಿಡಿದಿದ್ದಾರೆ. ತಿರುವನಂತಪುರದ ನಮ್ಮ ಆಫೀಸಿನಲ್ಲಿ ನೆಡುಮಂಗಾಡ್ ಕಡೆಯ ಒಬ್ಬರು ಹಿರಿಯ ಸಹೋದ್ಯೋಗಿ ಇದ್ದಾರೆ, ಚೇಟನ್ ಎಂದೇ ಕರೆಯುತ್ತೇನೆ. ಅವರ ಮನೆಯ ಮರಗೆಣಸಿಗೂ ಹಂದಿಯ ಕಾಟ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟ್ ಬಳಸುವಂತಿಲ್ಲ. ಲೈಸೆನ್ಸ್ ಇರುವ ಗುರಿಕಾರರ ಪಟ್ಟಿಯಿಂದ ಒಬ್ಬರು ಬಂದು ಹೊಡೆಯುತ್ತಾರೆ. ಮಾಂಸ ತಿನ್ನುವಂತಿಲ್ಲ, ವಿಲೇವಾರಿ ಮಾಡಬೇಕು. ಕರೆದ ತಕ್ಷಣ ಯಾರೂ ಬರುವುದಿಲ್ಲ ಎಂಬ ದೂರು ಚೇಟನ್ ಅವರಿಗೂ ಇದೆ. ಆದರೆ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು: "ತೋಟ ನನ್ನದು, ಸಿಟ್ಟು ನನ್ನದು. ಸಿಟ್ಟು ಬಂದವನ ಕೈಯಲ್ಲಿ ಕೋವಿ ಇಲ್ಲ, ಅದೇ ಒಳ್ಳೆಯದು."

ಕೇರಳದ ಪದ್ಧತಿಯನ್ನೇ ನಾವು ತರಬೇಕು ಎನ್ನುತ್ತಿಲ್ಲ. ಆದರೆ ಅದರ ಹಿಂದಿನ ವಿಚಾರ ಸರಿ: ಪ್ರತಿ ಮನೆಗೊಂದು ಕೋವಿ ಬೇಕಿಲ್ಲ, ಊರಿಗೆ ನಾಲ್ಕು ಜನ ತರಬೇತಾದವರು ಸಾಕು. ಮನೆಯ ದುಡ್ಡು ಮೊದಲು ಹೋಗಬೇಕಾದದ್ದು ಬೇಲಿಗೆ. ಸೌರ ಬೇಲಿಯ ಕರೆಂಟು ಮಿಡಿದು ಮಿಡಿದು ಬರುವುದರಿಂದ ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ಲೈನಿನಿಂದ ನೇರ ಎಳೆದ ತಂತಿ ಹಂದಿಯನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ, ಅದು ಅಪರಾಧವೂ ಹೌದು. ನಾನು ಕೋವಿಗೆಂದು ತೆಗೆದಿಟ್ಟ ದುಡ್ಡು ಕೆಳಗಿನ ತೋಟದ ಸೌರ ಬೇಲಿಗೆ ಹೋಯಿತು.

ಉಳಿದದ್ದು ಅಜ್ಜನ ಕೋವಿಯ ಪ್ರಶ್ನೆ. ನಾವು ಹೊರಗಿರುವವರು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ತಮ್ಮ ಕಾನೂನುಬದ್ಧ ವಾರಸುದಾರರೊಬ್ಬರನ್ನು ಹೆಸರಿಸಬಹುದು. ಆ ವಾರಸುದಾರರು ತರಬೇತಿ ಪಡೆದು, ಕೋವಿಯನ್ನು ಭದ್ರವಾಗಿ ಇಡುತ್ತೇನೆಂದು ಬರೆದುಕೊಟ್ಟು, ಪೊಲೀಸ್ ವಿಚಾರಣೆ ಮುಗಿಸಿದರೆ ಲೈಸೆನ್ಸ್ ಅವರ ಹೆಸರಿಗೆ ಸಿಗುವ ದಾರಿ ಇದೆ. ಹೆಚ್ಚಿನ ಮನೆಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಹಿರಿಯರು ತೀರಿಕೊಂಡು, ತಿಥಿ ಮುಗಿದು, ಮಕ್ಕಳು ಬೆಂಗಳೂರು, ಕೊಚ್ಚಿ, ದುಬೈ ಎಂದು ಹೊರಟುಬಿಡುತ್ತಾರೆ. ಕೋವಿ ಅಟ್ಟದಲ್ಲಿ ಉಳಿಯುತ್ತದೆ. ಲೈಸೆನ್ಸುದಾರರು ಇಲ್ಲದ ಆ ಕೋವಿ ಆ ಕ್ಷಣದಿಂದ ಕಾನೂನಿನ ಕಣ್ಣಿಗೆ ಅಕ್ರಮ ಶಸ್ತ್ರ, ಉತ್ತರ ಕೊಡಬೇಕಾದವರು ಒಬ್ಬಂಟಿ ಅಮ್ಮ.

ಅಪ್ಪನಿಗೆ ನನ್ನ ಹೆಸರಿಗೇ ಮಾಡಬೇಕೆಂಬ ಆಸೆ. ಮಗನಲ್ಲವೇ. ನಾನು ಒಪ್ಪಲಿಲ್ಲ. ನಾನಿರುವುದು ಕಾಕ್ಕನಾಡಿನ ಒಂಬತ್ತನೇ ಮಹಡಿಯ ಫ್ಲಾಟಿನಲ್ಲಿ. ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ ಬಿಟ್ಟು ಕೋವಿಯನ್ನು ಕೇರಳಕ್ಕೆ ತರುವಂತಿಲ್ಲ. ತಂದೆನೆಂದರೂ ಇಲ್ಲಿ ಅದಕ್ಕೇನು ಕೆಲಸ? ವರ್ಷಕ್ಕೆ ನಾಲ್ಕು ಸಲ ಮಲಬಾರ್ ಎಕ್ಸ್‌ಪ್ರೆಸ್ ಹತ್ತುವ ನನ್ನ ಹೆಸರಿನ ಕೋವಿಯನ್ನು ಉಳಿದ ದಿನ ಯಾರು ಕಾಯಬೇಕು? ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಯಾರು ಹೋಗಬೇಕು?

"ಅಕ್ಕನ ಹೆಸರಿಗೆ ಮಾಡಿ" ಎಂದೆ. ಅಕ್ಕ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದ್ದಾಳೆ. ತೋಟದ ಗೊಬ್ಬರ, ಔಷಧಿ, ಕೊಯ್ಲಿನ ಲೆಕ್ಕ ಈಗಾಗಲೇ ಅವಳದ್ದು. ಅಪ್ಪನ ಮಾತ್ರೆಗಳ ಲೆಕ್ಕವೂ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಫೋನು ಮಾಡಿ, "ಅವಳ ಭುಜಕ್ಕೆ ಆ ಒದೆ ತಡೆಯಲಿಕ್ಕೆ ಆಗ್ತದಾ?" ಎಂದು ಮಾತ್ರ ಕೇಳಿದರು. ಅಕ್ಕ ಹಿಂದಿನಿಂದ ಹೇಳಿದ್ದು ಕೇಳಿಸಿತು: "ಅಡಿಕೆ ಮೂಟೆ ತಡೆಯುವ ಭುಜ ಇದನ್ನೂ ತಡೀತದೆ ಬಿಡಿ ಅಪ್ಪಾ."

ಅರ್ಜಿ ಹಾಕಿ ಆಗಿದೆ. ಅಕ್ಕ ತರಬೇತಿಗೆ ಹೋಗಬೇಕು. ಲೈಸೆನ್ಸ್ ಬರುವವರೆಗೆ ಕೋವಿ ಬೀಗದೊಳಗೆ, ತೋಟೆ ಬೇರೆ ಬೀಗದೊಳಗೆ. ಅಪ್ಪ ಕತ್ತಲಲ್ಲಿ ಇಳಿಯುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದಾರೆ.

ಮುಂದಿನ ಸಲ ಊರಿಗೆ ಹೋದಾಗ ನೀವೂ ಅಟ್ಟ ಹತ್ತಿ ನೋಡಿ. ಕೋವಿ ಇದ್ದರೆ ಲೈಸೆನ್ಸ್ ಪುಸ್ತಕ ತೆಗೆದು ಯಾರ ಹೆಸರಿನಲ್ಲಿದೆ, ಯಾವತ್ತಿನವರೆಗಿದೆ ಎಂದು ಓದಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ, ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಮನೆಯಲ್ಲೇ ಇರುವ, ಕಣ್ಣು ಚೆನ್ನಾಗಿರುವ, ಸಿಟ್ಟು ಕಡಿಮೆ ಇರುವ ವಾರಸುದಾರರು ಯಾರೆಂದು ಹಿರಿಯರ ಎದುರಿಗೇ ಕೂತು ಮಾತಾಡಿ. ಅಂಥವರು ಯಾರೂ ಇಲ್ಲದಿದ್ದರೆ ಲೈಸೆನ್ಸ್ ಇರುವ ಡೀಲರಿಗೋ ಪೊಲೀಸ್ ಠಾಣೆಗೋ ಒಪ್ಪಿಸಿ ರಸೀದಿ ಪಡೆಯಿರಿ. ಅಜ್ಜನ ನೆನಪಿಗೆ ಫೋಟೊ ಇದೆ.

ಮಿಸೌರಿಯವನು ಕೊನೆಗೆ ಹೊಸ ಕೋವಿ ಕೊಂಡನಂತೆ. ನಮ್ಮ ಮನೆಯಲ್ಲಿ ಬೇಲಿ ನಿಂತಿದೆ. ರಬ್ಬರು ಟ್ಯಾಪಿಂಗಿನ ಹುಡುಗನಿಗೆ ಅಪ್ಪ ತಾವೇ ಸುಳ್ಯ ಪೇಟೆಗೆ ಹೋಗಿ ಒಂದು ಒಳ್ಳೆಯ ಹೆಡ್‌ಲೈಟು ತಂದುಕೊಟ್ಟರು. ಯಾಕೆಂದು ಅವನಿಗೆ ಇನ್ನೂ ಗೊತ್ತಿಲ್ಲ.