ಸ್ವಾರಸ್ಯ ಗೈಡಿನಲ್ಲಿ ಸಿಗುತ್ತದೆಯೇ?



ಎಸ್.ಎಸ್.ಎಲ್.ಸಿ. ಕನ್ನಡ ಪರೀಕ್ಷೆಯಲ್ಲಿ ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿರಿ’ ಎಂಬ ಪ್ರಶ್ನೆ ನಮಗೆಲ್ಲ ಗೊತ್ತೇ ಇದೆ. ಸ್ವಾರಸ್ಯ ಅಂದರೆ ಎಂತ? ಓದಿದಾಗ ನಮಗೆ ರುಚಿಸಿದ್ದನ್ನು, ಅದು ಯಾಕೆ ರುಚಿಸಿತು ಎಂದು ಹೇಳುವುದು. ಆದರೆ ನಾವು ಮಾಡುವುದೇ ಬೇರೆ. ಗೈಡಿನಲ್ಲೋ, ಮೊಬೈಲಿಗೆ ಬಂದ ನೋಟ್ಸಿನಲ್ಲೋ ಯಾರೋ ಬರೆದಿಟ್ಟ ಸ್ವಾರಸ್ಯವನ್ನು ಬಾಯಿಪಾಠ ಮಾಡುತ್ತೇವೆ. ಇನ್ನೊಬ್ಬರು ಉಂಡು ನಾವು ತೇಗಿದ ಹಾಗಾಯ್ತಲ್ಲ!

ಕವಿ ಪರಿಚಯವೂ ಹಾಗೆಯೇ. ಕುವೆಂಪು, 1904, ಕುಪ್ಪಳಿ, ಜ್ಞಾನಪೀಠ ಎಂದು ಬರೆದರೆ ಅಂಕ ಬಂತು. ಆ ಸ್ಥಳ, ಆ ಕಾಲ ಅವರ ಕೃತಿಯೊಳಗೆ ಏನು ಮಾಡಿದೆ ಎಂದು ನಾವು ಯೋಚಿಸುವುದೇ ಇಲ್ಲ.

ಎರಡು ಕೃತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದನ್ನು ಕಲಿತರೆ ಗೈಡಿನ ಹಂಗು ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಹೋಲಿಸುವುದು ನಮಗೆ ಹೊಸತಲ್ಲ. ನಮ್ಮ ಅಜ್ಜಿ ಅಡಿಕೆ ಆರಿಸುವಾಗ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. “ಇದು ಎಂತಕ್ಕೆ ಬೆಟ್ಟೆ ಅಜ್ಜಿ?” ಎಂದರೆ ಅಡಿಕೆಯನ್ನೇ ಕೈಯಲ್ಲಿ ಹಿಡಿದು ಕಾರಣ ತೋರಿಸುತ್ತಾರೆ. ಸಾಹಿತ್ಯಕ್ಕೂ ಬೇಕಾದ್ದು ಇಷ್ಟೇ. ಒಂದೇ ಅಳತೆಯಿಂದ ಎರಡನ್ನೂ ನೋಡಬೇಕು, ಕಾರಣವನ್ನು ಕೃತಿಯಿಂದಲೇ ತೋರಿಸಬೇಕು.

ಉದಾಹರಣೆಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಮತ್ತು ಸಾಗರದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಗಳನ್ನು ತೆಗೆದುಕೊಳ್ಳೋಣ. ಅಳತೆ ನಮ್ಮ ಮಲೆನಾಡಿನ ಮಳೆ. ಮೊದಲನೆಯದರಲ್ಲಿ ಗುತ್ತಿಯ ನಾಯಿ ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ಓದುವಾಗ ಹೊಟ್ಟೆ ಉರಿಯುತ್ತದೆ, ಆದರೆ ಹೊಳೆಯನ್ನು ಯಾರು ಪ್ರಶ್ನೆ ಮಾಡುವುದು? ಮಳೆಗಾಲ ಮುಗಿದರೆ ಅದು ತಾನೇ ಇಳಿಯುತ್ತದೆ. ‘ದ್ವೀಪ’ದಲ್ಲಿ ಮನೆಯ ಸುತ್ತ ಏರುವುದು ಅಣೆಕಟ್ಟು ತಡೆದು ನಿಲ್ಲಿಸಿದ ನೀರು. ಅದರ ಹಿಂದೆ ಮನುಷ್ಯರ ತೀರ್ಮಾನ ಇದೆ. ಆದ್ದರಿಂದ ಅಲ್ಲಿ ಪ್ರಶ್ನೆ ಕೇಳಬಹುದು.

ಯಾಕೆ ಈ ವ್ಯತ್ಯಾಸ? ಕುವೆಂಪು ಹೇಳುವುದು 19ನೇ ಶತಮಾನದ ಕೊನೆಯ ಕಥೆ. ಡಿಸೋಜ ಅವರು (1937-2025) ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಕಣಿವೆಯ ಊರುಗಳಿಗೆ ಏನಾಯಿತು ಎಂದು ಬಲ್ಲವರು. ನೋಡಿ, ಈಗ ‘ಸ್ಥಳ, ಕಾಲ’ ಎಂಬುದಕ್ಕೆ ಅರ್ಥ ಬಂತು!

ಸಾಗರ, ಹೊಸನಗರದ ಕಡೆ ಮುಳುಗಡೆಯಿಂದ ಎದ್ದು ಬಂದ ಮನೆಗಳು ಎಷ್ಟೋ ಇವೆ. ಆ ಮನೆಯ ಮಕ್ಕಳು ಅಜ್ಜನ ಬಾಯಲ್ಲಿ ಕೇಳಿದ್ದು ಯಾವ ಗೈಡಿನಲ್ಲೂ ಇಲ್ಲ. ಬೇರೊಂದು ಶಾಲೆಯಲ್ಲಿ ಓದುವ ನನ್ನ ದೊಡ್ಡಪ್ಪನ ಮಗಳು ಕಿರುಪರೀಕ್ಷೆಯಲ್ಲಿ ಸ್ವಂತ ಮಾತಿನಲ್ಲಿ ಸ್ವಾರಸ್ಯ ಬರೆದಿದ್ದಳು. ‘ನೋಟ್ಸಿನಂತೆ ಇಲ್ಲ’ ಎಂದು ಕೆಂಪು ಶಾಯಿ ಬಿತ್ತು. ಹೋದದ್ದು ಒಂದೇ ಅಂಕ. ಆದರೆ ಅವಳು ಆಮೇಲೆ ಸ್ವಂತವಾಗಿ ಒಂದು ವಾಕ್ಯವನ್ನೂ ಬರೆದಿಲ್ಲ. ನನಗೆ ಬೇಜಾರು ಇದಕ್ಕೇ.

“ಮಾರಾಯಾ, ಮೌಲ್ಯಮಾಪಕರ ಕೈಯಲ್ಲಿ ಮಾದರಿ ಉತ್ತರ ಇರ್ತದೆ, ಇರೋದು ಮೂರೇ ಗಂಟೆ” ಎಂದು ನೀವು ಹೇಳಬಹುದು. ಅದೂ ನಿಜವೇ. ಆಯ್ಕೆ ಮತ್ತು ಸಂದರ್ಭವನ್ನು ತಪ್ಪಿಲ್ಲದೆ ಕಲಿಯಲೇಬೇಕು, ಅಲ್ಲಿ ನಮ್ಮ ಅಭಿಪ್ರಾಯ ನಡೆಯುವುದಿಲ್ಲ. ಸ್ವಾರಸ್ಯದ ಎರಡು ವಾಕ್ಯವನ್ನಾದರೂ ನಮ್ಮದೇ ಮಾತಿನಲ್ಲಿ ಬರೆಯೋಣ. ಕಾರಣ ಸರಿ ಇದ್ದರೆ ಗುರುಗಳು ಅದಕ್ಕೆ ಅಂಕ ಕೊಡಲಿ.

ಗುರುಗಳಲ್ಲಿ ಒಂದು ವಿನಂತಿ. ಶನಿವಾರದ ಒಂದು ಪೀರಿಯಡ್ಡಿನಲ್ಲಿ ಎರಡು ಪದ್ಯ ಓದಿಸಿ ಮೂರೇ ಪ್ರಶ್ನೆ ಕೇಳಿ: ಎಲ್ಲಿ ಒಂದೇ ಥರ? ಎಲ್ಲಿ ಬೇರೆ? ಯಾಕೆ ಬೇರೆ? ಒಳ್ಳೆಯ ಉತ್ತರಗಳನ್ನು ಇದೇ ಗೋಡೆಯ ಮೇಲೆ ಅಂಟಿಸೋಣ.

ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಕಾರಣ ಕೊಟ್ಟು ಬರೆಯಿರಿ, ಅಷ್ಟೇ!

— ಹತ್ತನೇ ತರಗತಿಯ ವಿದ್ಯಾರ್ಥಿ