ಅಂಗಳದ ದೀಪ ಆರಿಸಿ, ಆಕಾಶ ನೋಡೋಣ

ಮೃಗಶಿರ ಮಳೆ ಯಾವಾಗ ಹಿಡಿಯುತ್ತದೆಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಮೃಗಶಿರ ನಕ್ಷತ್ರ ಎಲ್ಲುಂಟು ತೋರಿಸಿ ಎಂದರೆ ಕೈ ಎತ್ತುವವರು ಕಡಿಮೆ. ಹೆಸರು ಉಳಿಸಿಕೊಂಡು ನಕ್ಷತ್ರವನ್ನೇ ಕಳಕೊಂಡಿದ್ದೇವೆ.

ಜೂನ್ 8ರ ಸುಮಾರಿಗೆ ಸೂರ್ಯ ಮೃಗಶಿರಕ್ಕೆ ಬರುತ್ತಾನೆ. ಆಗ ಬೀಳುವುದೇ ಮೃಗಶಿರ ಮಳೆ. ಸೂರ್ಯನ ಜತೆಗೇ ಹುಟ್ಟಿ ಮುಳುಗುವ ನಕ್ಷತ್ರ ಆಗ ಕಾಣದು. ಅದನ್ನು ನೋಡಲು ಡಿಸೆಂಬರ್ ಬರಬೇಕು. ಅಡಿಕೆ ಕೊಯ್ಲಿನ ಕಾಲ, ಆಕಾಶವೂ ಶುಭ್ರ. ಹೊಸಬರು ಶುರು ಮಾಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಡಿಸೆಂಬರ್ ಮಧ್ಯದಲ್ಲಿ ರಾತ್ರಿ 9 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೂರು ನಕ್ಷತ್ರಗಳು ಒಂದೇ ಸಾಲಿನಲ್ಲಿ, ಹತ್ತಿರ ಹತ್ತಿರ ಕಾಣುತ್ತವೆ. ಇದು ಮಹಾವ್ಯಾಧನ ಸೊಂಟಪಟ್ಟಿ. ಆ ಗೆರೆಯನ್ನು ಮೇಲಕ್ಕೆ ಎಳೆದರೆ ಕೆಂಪಗಿನ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆಯ ಗೊಂಚಲು. ಕೆಳಕ್ಕೆ ಎಳೆದರೆ ಲುಬ್ಧಕ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಇದೇ ಹೆಚ್ಚು ಪ್ರಕಾಶದ್ದು. ಪಟ್ಟಿಯ ಎಡಗಡೆಯ ದೊಡ್ಡ ಕೆಂಪು ಚುಕ್ಕೆ ಆರಿದ್ರಾ. ಅದರಿಂದ ತುಸು ಮೇಲೆ, ಎಡಕ್ಕೆ, ಮಂಕಾದ ಮೂರು ಚುಕ್ಕೆಗಳ ಪುಟ್ಟ ಗುಂಪೇ ಮೃಗಶಿರ. ಮೇಯಿಂದ ಜುಲೈ ಆರಂಭದವರೆಗಿನ ನಾಲ್ಕು ಮಳೆಗಳೂ ಒಂದೇ ನೋಟದಲ್ಲಿ ಸಿಕ್ಕಿದವು!

ಇದಕ್ಕೆ ಮೂರು ಕಾಸಿನ ಖರ್ಚಿಲ್ಲ. ಟೆಲಿಸ್ಕೋಪಿಗೆ ಹಣ ಹಾಕುವ ಅವಸರ ಬೇಡ. ಒಂದು ವರ್ಷ ಬರಿಗಣ್ಣಲ್ಲಿ ನೋಡಿ. ಆಸಕ್ತಿ ಉಳಿದರೆ 10×50ರ ಬೈನಾಕ್ಯುಲರ್ ಸಾಕು. ಮೊಣಕೈಯನ್ನು ಅಂಗಳದ ಕಟ್ಟೆಗೆ ಊರಿ ಹಿಡಿದರೆ ಚಂದ್ರನ ಕುಳಿಗಳು, ಗುರುಗ್ರಹದ ನಾಲ್ಕು ಚಂದ್ರರು ಕಾಣುತ್ತವೆ. ಬರಿಗಣ್ಣಿಗೆ ಆರೇಳು ಕಾಣುವ ಕೃತ್ತಿಕೆಯಲ್ಲಿ ಹತ್ತಾರು ನಕ್ಷತ್ರಗಳು ಏಳುತ್ತವೆ.

ನಿಜವಾಗಿ ಬೇಕಾದ್ದು ಕತ್ತಲೆ. ಕಣ್ಣು ಕತ್ತಲೆಗೆ ಒಗ್ಗಲು 20–30 ನಿಮಿಷ ಬೇಕು. ಒಮ್ಮೆ ಟಾರ್ಚ್ ಹಾಕಿದರೆ ಮತ್ತೆ ಮೊದಲಿಂದ. ತೀರಾ ಬೇಕಾದರೆ ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿಕೊಳ್ಳಿ.

ನನ್ನ ಚಿಂತೆ ಇರುವುದು ಇಲ್ಲಿಯೇ. ಕರೆಂಟು ಕಡಿಮೆ ತಿನ್ನುತ್ತದೆಂದು ಈಗ ಮನೆ ಮನೆಯ ಅಂಗಳದಲ್ಲಿ ಎಲ್‌ಇಡಿ ದೀಪ ಬೆಳಗಿನವರೆಗೂ ಉರಿಯುತ್ತದೆ. ಗುಡ್ಡದ ಆಚೆಯ ಪೇಟೆಯ ಬೆಳಕನ್ನು ನಾವು ತಡೆಯಲಾರೆವು. ನಮ್ಮ ಅಂಗಳದ್ದು ನಮ್ಮ ಕೈಯಲ್ಲೇ ಉಂಟಲ್ಲ? ಹಾವು, ಹಂದಿ, ಕಳ್ಳರ ಭಯ ಸುಳ್ಳಲ್ಲ. ದೀಪವೇ ಬೇಡ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೇಲೊಂದು ಮುಚ್ಚಳ ಹಾಕಿ, ಬೆಳಕು ನೆಲಕ್ಕೆ ಬೀಳಲಿ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶವನ್ನೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿನ ಹಳ್ಳಿಯವರಿಗೇ ಟೆಲಿಸ್ಕೋಪು ಕೊಟ್ಟು ತರಬೇತಿ ಮಾಡಿದ್ದಾರೆ. ನಕ್ಷತ್ರ ನೋಡಲು ಬರುವವರಿಂದ ಅವರಿಗೆ ನಾಲ್ಕು ಕಾಸೂ ಸಿಗುತ್ತದೆ. ಅಷ್ಟು ಬೆಲೆಯ ಕತ್ತಲೆಯನ್ನು ನಾವು ಬಿಲ್ಲು ಕಟ್ಟಿ ಹಾಳು ಮಾಡುತ್ತಿದ್ದೇವೆ.

ಈ ಅಮಾವಾಸ್ಯೆಗೆ ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡು ಒಂದು ಗಂಟೆ ದೀಪ ಆರಿಸಿ, ಮಕ್ಕಳನ್ನು ಕರಕೊಂಡು ಅಂಗಳದಲ್ಲಿ ಚಾಪೆ ಹಾಕಿ. ಉಳಿದದ್ದು ಅವರೇ ಕೇಳುತ್ತಾರೆ.